ಹಿಮ್ಮಡಿಗೆ ಬದು ತಾಗುವ ತನಕ

ಸಿನಿಮಾ ಮುಗಿದ ಕೂಡಲೇ ನನ್ನ ಟಿ.ವಿ. ಎರಡು ಹೆಬ್ಬೆರಳು ತೋರಿಸುತ್ತದೆ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಇಷ್ಟವಾಯಿತೋ ಇಲ್ಲವೋ, ಅಷ್ಟು ಹೇಳಿದರೆ ಸಾಕಂತೆ ಅದಕ್ಕೆ. ಬಳ್ಳಾರಿ ಪಾರ್ವತಿನಗರದ ಈ ಬಾಡಿಗೆ ಮಹಡಿಯಲ್ಲಿ, ಸಂಜೆ ಕಚೇರಿಯಿಂದ ಬಂದು ಬಾಗಿಲು ಹಾಕಿಕೊಂಡ ಮೇಲೆ, ನನ್ನ ಅಭಿಪ್ರಾಯ ಕೇಳುವ ಜೀವ ಅದೊಂದೇ. ಅದಕ್ಕೆ ಜೀವವೂ ಇಲ್ಲ ಎನ್ನುವುದು ಬೇರೆ ಮಾತು.

ನಮ್ಮ ಮನೆತನದಲ್ಲಿ ಹೆಬ್ಬೆರಳಿಗೆ ಎರಡು ಕೆಲಸ ಇದ್ದವು. ಕೆಸರಿನಲ್ಲಿ ಭತ್ತದ ಸಸಿ ಊರುವುದು, ಕಾಗದದ ಮೇಲೆ ಹೆಬ್ಬೆಟ್ಟು ಒತ್ತುವುದು. ಎರಡನೆಯದನ್ನು ಮೊದಲು ನಿಲ್ಲಿಸಿದವಳು ನಾನು. ನಮ್ಮ ವಂಶದಲ್ಲಿ ಡಿಗ್ರಿ ಓದಿದವರಲ್ಲಿ ಮೊದಲಿಗಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ನೀವೂ ಬೇಸರ ಮಾಡಿಕೊಳ್ಳಬೇಡಿ. ಅಷ್ಟು ಕಷ್ಟಪಟ್ಟು ಸಹಿ ಕಲಿತರೆ, ಈ ಟಿ.ವಿ. ಮತ್ತೆ ನನ್ನ ಹೆಬ್ಬೆರಳನ್ನೇ ಕೇಳುತ್ತಿದೆ.

ಮೊನ್ನೆ ನೋಡಿದ್ದು ಯಾವುದೋ ಚಳಿದೇಶದ ಸಿನಿಮಾ. ಬಟ್ಟೆ ಒಗೆಯುವ ಅಂಗಡಿಯಲ್ಲಿ ದುಡಿಯುವ ಒಬ್ಬ ಹೆಂಗಸು. ದಿನಾ ಸಂಜೆ ಮನೆಗೆ ಬಂದು ಎದುರು ಮನೆಯ ಕಿಟಕಿಯಲ್ಲಿ ದೀಪ ಹತ್ತುವುದನ್ನು ನೋಡುತ್ತಾಳೆ. ಆ ಮನೆಯಲ್ಲಿ ಯಾರಿದ್ದಾರೋ ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಾಗುವುದಿಲ್ಲ. ಒಂದು ಸಂಜೆ ದೀಪ ಹತ್ತುವುದಿಲ್ಲ. ಇವಳು ಕಿಟಕಿಯ ಚೌಕಟ್ಟು ಹಿಡಿದುಕೊಂಡು ನಿಂತೇ ಇರುತ್ತಾಳೆ. ಸಿನಿಮಾ ಮುಗಿಯಿತು. ಹೆಬ್ಬೆರಳುಗಳು ಬಂದವು. ನಾನು ಯಾವುದನ್ನೂ ಒತ್ತದೆ ಬಹಳ ಹೊತ್ತು ಕೂತಿದ್ದೆ. ಮೇಲಕ್ಕೂ ಕೆಳಕ್ಕೂ ಸಲ್ಲದ ಮಾತೊಂದು ಗಂಟಲಲ್ಲಿ ಕೂತಿತ್ತು. ಅದನ್ನು ಯಾರಿಗಾದರೂ ಹೇಳಬೇಕಿತ್ತು.

ಅಭಿಪ್ರಾಯಗಳಿಗೆ ನನ್ನಲ್ಲಿ ಬರ ಇಲ್ಲ. ಸಿನಿಮಾಗಳ ಹೆಸರು ಮಾತ್ರ ಹೇಳಲಾರೆ. ಹೆಸರು ಹೇಳಿದರೆ ಅಭಿಮಾನಿಗಳು ಎಲ್ಲಿದ್ದರೂ ಎದ್ದು ಬರುತ್ತಾರೆ, ನಾನು ಒಬ್ಬಳೇ ಇರುವವಳು. ಹೆಸರಿಲ್ಲದೆಯೇ ಕೇಳಿ. ಸಿನಿಮಾದ ಕಾಲೇಜಿನಲ್ಲಿ ಯಾರೂ ಓದುವುದಿಲ್ಲ. ನಾಯಕ ಬೆಂಚಿನ ಮೇಲೆ ಹತ್ತಿ ಕುಣಿಯುತ್ತಾನೆ, ಮೇಷ್ಟ್ರ ಕನ್ನಡಕ ಬೀಳುತ್ತದೆ, ಎಲ್ಲರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಆ ಬೆಂಚಿನ ಮೇಲೆ ಕೂರಲು ನನ್ನೂರು ದೇಶನೂರಿನಿಂದ ಬಳ್ಳಾರಿಯವರೆಗೆ ನಾನು ಪಟ್ಟ ಪಾಡು ನನಗೆ ಗೊತ್ತು. ಅವನನ್ನು ಕಿವಿ ಹಿಡಿದು ಇಳಿಸಿ, ಕಾಲಿನ ಧೂಳು ಒರೆಸು ಎನ್ನಬೇಕೆನಿಸುತ್ತದೆ.

ಇನ್ನು ನಮ್ಮ ಮಾತು. ‘ಐತಿ’, ‘ಹೋಗಾಕ’ ಎನ್ನುವವರು ಸಿನಿಮಾದಲ್ಲಿ ಅಡುಗೆಯವರು, ಕುಡುಕರು, ಬಹಳವೆಂದರೆ ನಾಯಕನ ದಪ್ಪ ಗೆಳೆಯ. ಪ್ರೀತಿಸುವವನು ಮಾತ್ರ ‘ಇದೆ’ ಎನ್ನುತ್ತಾನೆ. ನಮ್ಮ ಕಡೆ ಯಾರೂ ಪ್ರೀತಿಸಿಯೇ ಇಲ್ಲವೇನೋ! ಬಳ್ಳಾರಿ ಅಂದರೂ ಅಷ್ಟೇ. ಕೆಂಪು ಧೂಳು, ಸಾಲಾಗಿ ಜೀಪು, ಕೈಯಲ್ಲಿ ಮಚ್ಚು. ಸಿರುಗುಪ್ಪದ ಕಡೆ ಕಣ್ಣು ಹಾಯುವಷ್ಟೂ ಹಸಿರಾಗಿ ನಿಲ್ಲುವ ಭತ್ತವನ್ನು ಒಬ್ಬ ಕ್ಯಾಮೆರಾದವನೂ ಕಂಡಂತಿಲ್ಲ.

ಈಚೆಗೆ ವೆಬ್ ಸರಣಿಗಳ ಹುಚ್ಚು. ಅವುಗಳಲ್ಲಿ ಒಬ್ಬಂಟಿಯಾಗಿ ಬದುಕುವವರು ಎರಡೇ ಬಗೆ. ಒಂದೋ ಕೊಲೆ ಪತ್ತೆ ಮಾಡುವವರು, ಇಲ್ಲವೇ ಕೊಲೆಯಾದವರು. ಕಚೇರಿಗೆ ಹೋಗಿ ಬಂದು, ಬೇಳೆ ಬೇಯಿಸಿಕೊಂಡು, ಬಟ್ಟೆ ಮಡಚಿ ಮಲಗುವ ಒಬ್ಬಂಟಿಯ ಮೇಲೆ ಯಾರೂ ಸರಣಿ ಮಾಡಿಲ್ಲ. ಆ ಬಟ್ಟೆ ಒಗೆಯುವ ಹೆಂಗಸಿನ ಸಿನಿಮಾ ನನ್ನನ್ನು ಹಿಡಿದುಕೊಂಡದ್ದು ಅದಕ್ಕೇ ಇರಬೇಕು.

ಮರುದಿನ ಊಟದ ಹೊತ್ತಿಗೆ ಕಚೇರಿಯಲ್ಲಿ ಅದರ ಮಾತು ತೆಗೆದೆ. ಪಕ್ಕದ ಮೇಜಿನ ಹುಡುಗಿ ಒಳ್ಳೆಯವಳೇ. ಡಬ್ಬಿ ತೆರೆಯುತ್ತಾ, “ಟೈಂಪಾಸ್‌ಗೆ ನೋಡೋದಕ್ಕ ಇಷ್ಟ್ಯಾಕ ತಲಿ ಕೆಡಿಸ್ಕಂತೀರಿ ಮೇಡಂ? ಫೈಟ್ ಐತೇನ್ರಿ ಅದ್ರಾಗ?” ಎಂದಳು. ಇಲ್ಲ ಎಂದೆ. “ಮತ್ತ್ಯಾಕ ನೋಡಿದ್ರಿ?” ಎಂದು ನನ್ನ ಮೇಲೆ ಕನಿಕರಪಟ್ಟು ಒಂದು ಮಿರ್ಚಿ ಬಜ್ಜಿ ಕೊಟ್ಟಳು. ಮಿರ್ಚಿ ಚೆನ್ನಾಗಿತ್ತು. ಮಾತು ಗಂಟಲಲ್ಲೇ ಉಳಿಯಿತು.

ಹೀಗೆ ಮಾತು ಗಂಟಲಲ್ಲಿ ಉಳಿದಾಗಲೆಲ್ಲ ನನಗೆ ಸಣ್ಣವ್ವ ನೆನಪಾಗುತ್ತಾಳೆ.

ಸಣ್ಣವ್ವ ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ, ಎರ್ರೆಮ್ಮ. ತವರು ಆಂಧ್ರದ ಗಡಿಯಾಚೆ, ಹಾಗಾಗಿ ತೆಲುಗು ಅವಳ ಹಾಲಿನ ಭಾಷೆ. ಸಿರುಗುಪ್ಪದ ಟಾಕೀಸಿನಲ್ಲಿ ತೆಲುಗು ಸಿನಿಮಾ ಬಂದರೆ ದೇಶನೂರಿನ ನಾಟಿ ಹೆಂಗಸರೆಲ್ಲ ಸೇರಿ ಅವಳೊಬ್ಬಳನ್ನು ಕಳಿಸುತ್ತಿದ್ದರು. ಎಲ್ಲರೂ ಹೋದರೆ ಮನೆಯಲ್ಲಿ ರೊಟ್ಟಿ ಬಡಿಯುವವರು ಯಾರು? ಅವಳು ನೋಡಿ ಬರಬೇಕು, ಮಾರನೆಯ ದಿನ ಗದ್ದೆಯಲ್ಲಿ ಎಲ್ಲರಿಗೂ ಹೇಳಬೇಕು. ಅದು ನಮ್ಮವರ ಪದ್ಧತಿ.

ನಾಟಿ ಕಂಡವರಿಗೆ ಗೊತ್ತು. ಹೆಂಗಸರು ಸಾಲಾಗಿ ಬಗ್ಗಿ, ಸಸಿ ಊರುತ್ತಾ ಹಿಂದೆ ಹಿಂದೆ ಸರಿಯುತ್ತಾರೆ. ನೆಟ್ಟದ್ದು ಮುಂದೆ ಕಾಣುತ್ತದೆ, ಬದು ಬೆನ್ನ ಹಿಂದೆ ಇರುತ್ತದೆ. ಎಷ್ಟು ಉಳಿಯಿತು ಎಂದು ತಿರುಗಿ ನೋಡಿದರೆ ಸೊಂಟ ಹಿಡಿಯುತ್ತದೆ, ಯಾರೂ ನೋಡುವುದಿಲ್ಲ. ಹಿಮ್ಮಡಿಗೆ ಬದು ತಾಗಿದಾಗಲೇ ಆ ಮಡಿ, ಅಂದರೆ ಗದ್ದೆಯ ಆ ತುಂಡು, ಮುಗಿಯಿತು ಎಂದು ತಿಳಿಯುವುದು. ಸಣ್ಣವ್ವ ಸಾಲಿನ ನಡುವೆ ನಿಲ್ಲುತ್ತಿದ್ದಳು, ಎರಡೂ ತುದಿಗೆ ಕೇಳಲಿ ಎಂದು. ಯಾರ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ. ನೀರಿನ ಮೇಲೆ ಅವಳ ದನಿ ಮಾತ್ರ ಹೋಗುತ್ತಿತ್ತು. ಕಥೆ ಕನ್ನಡದಲ್ಲಿ, ರೋಷದ ಮಾತು ಮಾತ್ರ ತೆಲುಗಿನಲ್ಲಿ. “ಅಮ್ಮಾ, ನೇನು ವಚ್ಚೇಶಾನು!” ಎಂದು ಅವಳು ಕೂಗಿದರೆ ಬದುವಿನ ಮೇಲಿದ್ದ ಕೊಕ್ಕರೆ ಹಾರುತ್ತಿತ್ತು. ಅಮ್ಮಾ ನಾನು ಬಂದೆ ಎಂದು ಮಗ ಬಂದಿದ್ದಾನೆ ಎಂಬುದು ತೆಲುಗು ಬಾರದವರಿಗೂ ತಿಳಿಯುತ್ತಿತ್ತು.

ನಿಯಮ ಒಂದೇ. ಮಡಿ ಮುಗಿಯುವ ತನಕ ಸಿನಿಮಾ ಮುಗಿಯಬಾರದು. ಹಿಮ್ಮಡಿಗೆ ಬದು ತಾಗುವುದಕ್ಕೂ ‘ಶುಭಂ’ ಬೀಳುವುದಕ್ಕೂ ಸರಿಹೋಗಬೇಕು. ಸಣ್ಣ ಮಡಿಗೆ ನಾಯಕ ಬೇಗ ಗೆಲ್ಲುತ್ತಿದ್ದ, ದೊಡ್ಡ ಮಡಿಗೆ ಇನ್ನೊಂದು ಸಲ ಜೈಲಿಗೆ ಹೋಗಿ ಬರುತ್ತಿದ್ದ. ಅತ್ತು ಕರೆಯುವ ಭಾಗ ಬಂದಾಗ ಹೆಂಗಸರ ಕೈ ತಪ್ಪಿ ಸಾಲು ಸೊಟ್ಟಗಾಗುತ್ತಿತ್ತು. ಪೈರು ಎದ್ದ ಮೇಲೆ ಗದ್ದೆಯ ಗೌಡರು ಅದನ್ನು ನೋಡಿ ನಗುತ್ತಿದ್ದರು. “ಎರ್ರೆಮ್ಮಾ, ಈ ಸಾರಿ ಯಾರ ಸತ್ತಿದ್ರಬೇ? ಸಾಲು ಹಾವಿನಂಗ ಹೋಗೈತಿ!”

“ಹೀರೋನ ತಾಯಿ ಸತ್ತಿದ್ಲು ಗೌಡ್ರ. ಬರೋ ಸಾರಿ ಆಕಿನ್ನ ಬದುವಿನ ಮ್ಯಾಲ ಸಾಯಸ್ತೀನಿ ಬಿಡ್ರಿ” ಎನ್ನುತ್ತಿದ್ದಳು ಸಣ್ಣವ್ವ.

ಶಾಲೆಗೆ ರಜೆ ಬಂದಾಗ ನಾನೂ ಅವ್ವನ ಪಕ್ಕ ಸಾಲಿನಲ್ಲಿರುತ್ತಿದ್ದೆ. ಟಾಕೀಸಿನ ಒಳಗು ನೋಡುವ ಎಷ್ಟೋ ವರ್ಷ ಮೊದಲೇ ನಾನು ಎಷ್ಟೋ ಸಿನಿಮಾ ಕಂಡಿದ್ದೆ. ಬಂಗಲೆ, ಕಾರು, ಹೂದೋಟ ಎಲ್ಲ ನನಗೆ ಕೆಸರಿನ ನೀರಿನಲ್ಲೇ ಕಾಣುತ್ತಿದ್ದವು. ಸಣ್ಣವ್ವನ ಸಿನಿಮಾಗಳಲ್ಲಿ ಎಲ್ಲರೂ ಹೊಟ್ಟೆ ತುಂಬ ಉಣ್ಣುತ್ತಿದ್ದರು. ಬಂಗಲೆಯ ನಾಯಕಿ ಬೆಳಗ್ಗೆ ಎದ್ದು ಪುಂಡಿಪಲ್ಯ ಮಾಡಿ, ಬಿಸಿ ಜೋಳದ ರೊಟ್ಟಿಯ ಮೇಲೆ ಹಾಕಿಕೊಂಡು ತಿಂದು, ಆಮೇಲೆ ಅಳಲು ಕೂರುತ್ತಿದ್ದಳು. ಖಳನಾಯಕ ಕೂಡ ಊಟ ಮಾಡಿಯೇ ಕೇಡು ಮಾಡಲು ಹೊರಡುತ್ತಿದ್ದ.

ಮುಂದೆ ಬಳ್ಳಾರಿಯ ಕಾಲೇಜು ಸೇರಿ, ಹಾಸ್ಟೆಲಿನ ಗೆಳತಿಯರ ಜೊತೆ ಮೊದಲ ಸಲ ಟಾಕೀಸಿಗೆ ಹೋದೆ. ಹಳೆಯ ತೆಲುಗು ಸಿನಿಮಾ ಮತ್ತೆ ಹಾಕಿದ್ದರು, ಸಣ್ಣವ್ವ ಹೇಳಿದ್ದೇ. ಕಣ್ಣು ಬಿಟ್ಟುಕೊಂಡು ಕೂತೆ. ಪುಂಡಿಪಲ್ಯ ಬರಲೇ ಇಲ್ಲ. ನಾಯಕಿ ಸಿನಿಮಾ ಪೂರ್ತಿ ಉಪವಾಸ. ತಾಯಿ ಸಾಯುವುದು ಕೂಡ ಕೆಮ್ಮಿದಷ್ಟು ಹೊತ್ತಿನಲ್ಲಿ ಮುಗಿದುಹೋಯಿತು. ಗೆಳತಿಯರೆಲ್ಲ ಅಳುತ್ತಿದ್ದರು, ನಾನು ಸಣ್ಣಗೆ ಸಿಟ್ಟಾಗಿದ್ದೆ. ಆ ವಾರ ಊರಿಗೆ ಹೋದಾಗ ನೇರ ಗದ್ದೆಗೇ ನಡೆದು, “ಸಣ್ಣವ್ವಾ, ಆಕಿ ಅಡಿಗಿ ಮಾಡೋದು ಅದ್ರಾಗ ಇಲ್ಲಾ ಇಲ್ಲ” ಎಂದೆ.

ಅವಳು ಸಸಿಯ ಕಟ್ಟು ಬಿಚ್ಚುತ್ತಾ, ಒಂದು ಚೂರೂ ಗಲಿಬಿಲಿಯಾಗದೆ ಅಂದಳು: “ಇಲ್ಲಾ? ಅವ್ರು ಮರ್ತಿರಬೇಕು.”

ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ನನ್ನ ಅವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಮೇಲೆ ಯಾರೋ, “ಡಿಗ್ರಿ ಓದಾಕಿ ಬಂದಾಳ, ಇವತ್ತ ಆಕೀನ ಹೇಳ್ಲಿ” ಎಂದರು. ನಾನು ಸೀರೆ ಎತ್ತಿ ಕಟ್ಟಿ ನಡುವೆ ನಿಂತೆ. ಕಾಲೇಜಿನಲ್ಲಿ ಭಾಷಣಕ್ಕೆ ಬಹುಮಾನ ಪಡೆದವಳು. ಕಥೆ ಇದ್ದದ್ದು ಇದ್ದ ಹಾಗೆ ಹೇಳಿದೆ. ನಿರೂಪಣೆ, ಸಂದೇಶ, ಸಂಗೀತ ಎಂದೆಲ್ಲ ಸೇರಿಸಿದೆ. ಅರ್ಧ ಮಡಿಗೇ ಸಿನಿಮಾ ಮುಗಿಯಿತು. ಉಳಿದರ್ಧ ಕೆಸರಿನ ಪಚಪಚ ಸದ್ದು ಬಿಟ್ಟರೆ ಬೇರೆ ಇಲ್ಲ. ಅಷ್ಟು ಉದ್ದದ ಅರ್ಧ ಮಡಿಯನ್ನು ನಾನು ಜೀವನದಲ್ಲಿ ಕಂಡಿಲ್ಲ. “ಮಗಳ ಸಿನಿಮಾ ಬೇಸಿಗಿ ಹಗರಿ ಹೊಳಿ ಇದ್ದಂಗ ಐತಿ. ಅಗಲ ಐತಿ, ನೀರಿಲ್ಲ” ಎಂದಳು ನನ್ನ ಅವ್ವ.

ಈಗ ಅವ್ವ ಇಲ್ಲ. ಅಪ್ಪ ಅವಳಿಗಿಂತ ಮೊದಲೇ ಹೋಗಿದ್ದ. ಓದು, ನೌಕರಿ, ಅವ್ವನ ಕಾಯಿಲೆ ಇಷ್ಟರಲ್ಲೇ ನನ್ನ ಮದುವೆಯ ವಯಸ್ಸು ಹೇಳದೆ ಕೇಳದೆ ದಾಟಿತು. ಸಣ್ಣವ್ವನ ಮೊಣಕಾಲು ಕೆಸರಿಗೆ ಒಗ್ಗದಾಯಿತು. ಸಣ್ಣಪ್ಪ ತೀರಿದ ಮೇಲೆ ಅವಳು ಕುರುಗೋಡಿನ ಹತ್ತಿರ ಬಾದನಹಟ್ಟಿಯಲ್ಲಿರುವ ಮಗಳ ಮನೆ ಸೇರಿದಳು. ದೇಶನೂರಿನ ಗದ್ದೆಗಳಲ್ಲಿ ಈಗ ಬೇರೆ ಕಡೆಯ ತಂಡಗಳು ಬಂದು ನಾಟಿ ಮಾಡುತ್ತವೆಯಂತೆ. ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಮಾತಿಲ್ಲದೆ ಮುಗಿಸುತ್ತಾರಂತೆ. ಸಾಲು ಬಹಳ ನೆಟ್ಟಗಿರುತ್ತದಂತೆ.

ನನ್ನವರು ಅಂತ ಮಾತಾಡಲು ಉಳಿದವಳು ಸಣ್ಣವ್ವ ಒಬ್ಬಳೇ. ದಿನಾ ಫೋನು ಮಾಡುತ್ತೇನೆ. “ಉಂಡ್ಯಾ?” “ಉಂಡೆ. ನೀ ಉಂಡ್ಯಾ?” “ಉಂಡೆ. ಇಡ್ಲಾ?” “ಇಡು.” ಅಷ್ಟೇ. ಧಾರಾವಾಹಿಯ ನಡುವಿನ ಜಾಹೀರಾತು ಕೂಡ ಇದಕ್ಕಿಂತ ಉದ್ದ. ಒಂದಿಡೀ ಗದ್ದೆಗೆ ಆಗುವಷ್ಟು ಮಾತಿದ್ದವರ ನಡುವೆ ಈಗ ಎರಡು ಪದ ಉಳಿದಿವೆ. ಅವೂ ಒಂದು ದಿನ ತೀರಿಹೋದರೆ ಎಂಬ ಹೆದರಿಕೆ, ಆ ದೀಪ ಹತ್ತದ ಕಿಟಕಿ ನೋಡಿದ ಮೇಲೆ, ನನ್ನ ಎದೆಯಲ್ಲಿ ಬಂದು ಕೂತಿತು.

ಭಾನುವಾರ ಬೆಳಗ್ಗೆ ಕುರುಗೋಡಿನ ಬಸ್ಸು ಹತ್ತಿದೆ. ಅಲ್ಲಿಂದ ಬಾದನಹಟ್ಟಿಗೆ ಆಟೋ.

ಮಗಳು ಅಳಿಯ ಹೊಲಕ್ಕೆ ಹೋಗಿದ್ದರು. ಪಡಸಾಲೆಯಲ್ಲಿ ಟಿ.ವಿ. ಹತ್ತಿತ್ತು. ಸಣ್ಣವ್ವ ಅದಕ್ಕೆ ಬೆನ್ನು ಹಾಕಿ, ಒಣಮೆಣಸಿನಕಾಯಿಯ ರಾಶಿಯ ಮುಂದೆ ಕೂತು ತೊಟ್ಟು ಮುರಿಯುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಅಗಲವಾಯಿತು. “ಬಾರಲೇ ಯವ್ವಾ! ಹೇಳದ ಕೇಳದ ಬಂದೀಯಲ್ಲ, ಎಲ್ಲಾ ಚಲೋ ಐತಿಲ್ಲ?”

“ಚಲೋ ಐತಿ. ಟಿ.ವಿ.ಗಿ ಬೆನ್ನು ಮಾಡಿ ಕುಂತೀಯಲ್ಲ, ನೋಡಂಗಿಲ್ಲೇನು?”

“ಆ ಮಂದಿ ಮಾರಿ ನೋಡಿದ್ರ ಸಿಟ್ಟು ಬರ್ತೈತಿ. ಅದಕ್ಕ ಕಿವಿಯಾಗ ಅಷ್ಟ ಕೇಳ್ತೀನಿ. ದಿನಾ ಊಟಕ್ಕ ಕೂಡ್ತಾರ, ಇಷ್ಟಗಲ ತಾಟು. ತುತ್ತು ಎತ್ತೂದ್ರಾಗ ಒಬ್ಬಾಕಿ ಬಂದು ಜಗಳ ತೆಗಿತಾಳ, ಎಲ್ರೂ ಎದ್ದು ಬಿಡ್ತಾರ. ನಾ ಈ ಮನಿಗಿ ಬಂದಾಗಿಂದ ಆ ಮನ್ಯಾಗ ಒಬ್ರೂ ಉಂಡಿಲ್ಲ ನೋಡು.”

“ಕಪಾಳಕ್ಕ ಹೊಡೆದದ್ದು ಮೂರು ಸಾರಿ ತೋರಿಸ್ತಾರ, ಅದಾ ನನಗ ಆಗಲ್ಲ” ಎಂದೆ.

“ತೋರಿಸ್ಲಿ ಬಿಡು. ಆ ಸೊಸಿಗಿ ಮೂರು ಸಾಲಂಗಿಲ್ಲ.”

ಇಬ್ಬರೂ ನಕ್ಕೆವು. ಆಮೇಲೆ ಮತ್ತೆ ಫೋನಿನ ಎರಡು ಪದವೇ: “ಉಂಡ್ಯಾ?” “ಉಂಡೆ.” ನಾನು ಕಾಲು ಮಡಚಿ ರಾಶಿಯ ಈ ಬದಿಗೆ ಕೂತು ತೊಟ್ಟು ಮುರಿಯತೊಡಗಿದೆ. ಧಾರಾವಾಹಿಯಲ್ಲಿ ಯಾರೋ ಕಿರುಚುತ್ತಿದ್ದರು. ಒಮ್ಮೆಲೇ ಕರೆಂಟು ಹೋಯಿತು. ಮೆಣಸಿನಕಾಯಿಯ ತೊಟ್ಟು ಮುರಿಯುವ ಸದ್ದು ಮಾತ್ರ ಉಳಿಯಿತು.

“ಏನಾರ ಸಿನಿಮಾ ನೋಡಿಯೇನು?” ಕೇಳಿದಳು ಸಣ್ಣವ್ವ, ರಾಶಿಯಿಂದ ಕಣ್ಣೆತ್ತದೆ. ಎಷ್ಟೋ ವರ್ಷದ ಮೇಲೆ ಕೇಳಿದ್ದಳು.

ಬಟ್ಟೆ ಒಗೆಯುವ ಹೆಂಗಸಿನ ಸಿನಿಮಾ ಶುರು ಮಾಡಿದೆ. ಹಳೆಯ ಚಾಳಿ ಎಲ್ಲಿ ಹೋಗುತ್ತದೆ? “ಭಾಳ ನಿಧಾನ ಐತಿ, ಆದ್ರ ಕ್ಯಾಮೆರಾ...” ಎನ್ನುವಷ್ಟರಲ್ಲಿ ಅವಳು, “ಆಕಿ ಹೆಸರೇನು?” ಎಂದಳು. ಹೆಸರು ನನ್ನ ಬಾಯಿಗೆ ಹೊರಳುವಂಥದ್ದಲ್ಲ. “ಮೇರಮ್ಮ ಅನ್ಕ” ಎಂದೆ. ಮೇರಮ್ಮ ಏನು ಉಟ್ಟಿದ್ದಳು, ಕೆಲಸಕ್ಕೆ ನಡೆದು ಹೋಗುತ್ತಿದ್ದಳೋ ಬಸ್ಸೋ, ಆ ಚಳಿಯಲ್ಲಿ ಒಗೆದ ಬಟ್ಟೆ ಒಣಗುವುದು ಹೇಗೆ, ಸಣ್ಣವ್ವ ಒಂದೊಂದೇ ಕೇಳುತ್ತಾ ಹೋದಳು. ನೋಡಿದ್ದೆಲ್ಲ ಹೇಳಿದೆ, ನೋಡದ್ದನ್ನೂ ಒಂದಿಷ್ಟು ಹೇಳಿದೆ. ಎದುರು ಮನೆಯ ದೀಪದ ತನಕ ಬಂದೆ. ದೀಪ ಹತ್ತದ ಸಂಜೆಗೆ ಬಂದೆ. “ಆಕಿ ಕಿಟಕಿ ಹಿಡ್ಕಂಡು ನಿಂತಾಳ. ಮುಗೀತು.”

ಸಣ್ಣವ್ವನ ಕೈ ನಿಂತಿತು. ನಮ್ಮ ನಡುವೆ ರಾಶಿ ಇನ್ನೂ ಮೊಣಕಾಲೆತ್ತರ ಇತ್ತು.

“ಮುಗೀತಾ? ದೀಪ ಹತ್ತಲಿಲ್ಲ ಅಂದ್ರ ನಿಂತ್ಕಂಡು ನೋಡ್ತಾರೇನು? ಚಪ್ಲಿ ಮೆಟ್ಕಂಡು ಹೋಗಿ ಬಾಗಲಾ ಬಡಿಬೇಕು. ಅವ್ರು ಮರ್ತಿರಬೇಕು.”

“ಮರ್ತಿಲ್ಲ ಸಣ್ಣವ್ವಾ. ಹೋಗಬೇಕು ಅನ್ನಿಸ್ತೈತಿ, ಹೋಗಾಕ ಆಗಂಗಿಲ್ಲ. ಅದಾ ಕಥಿ. ನನಗ ಅದು ಚಲೋ ಅನ್ನಿಸ್ತು.” ನಾನು ಬಿಟ್ಟುಕೊಡಲಿಲ್ಲ. ಈಗಲೂ ಬಿಟ್ಟುಕೊಡುವುದಿಲ್ಲ, ಆ ಸಿನಿಮಾ ಮುಗಿದ ಜಾಗ ಸರಿಯಾಗಿದೆ.

ಸಣ್ಣವ್ವ ನನ್ನನ್ನು ನೆಟ್ಟ ದೃಷ್ಟಿಯಿಂದ ನೋಡಿದಳು. ಗದ್ದೆಯಲ್ಲಿ ಯಾವತ್ತೂ ಹಾಗೆ ನೋಡಿರಲಿಲ್ಲ, ಅಲ್ಲಿ ಮುಖ ಕಾಣುತ್ತಿರಲಿಲ್ಲ. “ನಿನಗ ಅದು ಚಲೋ ಅನ್ನಸೈತಿ ಅಂದ್ರ ನಿನಗ ಏನೋ ಆಗೈತಿ. ದಿನಾ ಉಂಡೆ ಅಂತೀ, ಏನ ಉಂಡೆ ಅಂತ ಒಂದ ದಿನಾರ ಹೇಳೀಯೇನು?”

ನನ್ನ ಕಣ್ಣು ಉರಿಯಿತು. ಮೆಣಸಿನಕಾಯಿ ಕೈ, ಒರೆಸಿಕೊಳ್ಳುವ ಹಾಗೂ ಇರಲಿಲ್ಲ.

“ನೀನೂ ಕೇಳಿಲ್ಲಲ್ಲ” ಎಂದೆ.

“ಓದಿದಾಕಿ, ಆಫೀಸ್ನ್ಯಾಗ ಇರಾಕಿ, ನನ್ನಂಥಾಕಿ ಜೋಡಿ ಏನು ಮಾತಾಡ್ತಾಳ ಅನ್ಕಂಡಿದ್ದೆ” ಎಂದಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಹಳೆಯ ದನಿ ತೆಗೆದಳು. “ಮೇರಮ್ಮ ಚಪ್ಲಿ ಮೆಟ್ಕಂಡ್ಲು. ಹೋದ್ಲು. ಬಾಗಲಾ ಬಡದ್ಲು. ಒಳಗ ಆಕಿ ವಯಸ್ಸಿನಾಕಿ ಒಬ್ಬಾಕಿ, ಜ್ವರ ಬಂದು ಮಕ್ಕಂಡಾಳ. ಎದ್ದು ಸ್ವಿಚ್ ಒತ್ತಾಕೂ ತ್ರಾಣ ಇಲ್ಲ...” ಮೇರಮ್ಮ ಗಂಜಿ ಕಾಸಿದಳು. ಚಳಿದೇಶದಲ್ಲಿ ಎಲ್ಲಿಂದಲೋ ನಿಂಬೆಕಾಯಿ ಉಪ್ಪಿನಕಾಯಿಯೂ ಬಂತು. ಗಂಜಿ ಕುಡಿದು ಆ ಹೆಂಗಸು ಹೇಳಿದಳಂತೆ: “ನಾನೂ ದಿನಾ ನಿನ್ನ ಕಿಟಕಿ ದೀಪ ನೋಡಿದ ಮ್ಯಾಲೇ ಮಕ್ಕೊಳ್ತಿದ್ದೆ.”

ನಡುವೆ ಯಾವಾಗಲೋ ಕರೆಂಟು ಬಂದು ಟಿ.ವಿ. ಮತ್ತೆ ಕಿರುಚತೊಡಗಿತು. ಸಣ್ಣವ್ವ ಕೂತಲ್ಲಿಂದಲೇ, “ಬಾಯಿ ಮುಚ್ಚಸು ಅದರದ್ದು” ಎಂದಳು. ಮುಚ್ಚಿಸಿದೆ. ರಾಶಿ ಮುಗಿದು ನೆಲ ಕಾಣುವ ತನಕ ಮೇರಮ್ಮ ಆ ಮನೆಯಲ್ಲೇ ಇದ್ದಳು.

ಸಂಜೆ ಪಾರ್ವತಿನಗರಕ್ಕೆ ಬಂದೆ. ಎಷ್ಟು ಸಲ ತೊಳೆದರೂ ಹೆಬ್ಬೆರಳ ಉರಿ ಹೋಗಲಿಲ್ಲ. ಮನೆ ಹಾಗೇ ಇತ್ತು, ಒಂದು ತಟ್ಟೆ, ಒಂದು ಲೋಟ. ಟಿ.ವಿ. ಹಾಕಿದರೆ ಆ ಸಿನಿಮಾದ ಕೆಳಗೆ ಹೆಬ್ಬೆರಳುಗಳು ಇನ್ನೂ ಕಾಯುತ್ತಿದ್ದವು. ಒತ್ತಲಿಲ್ಲ. ಹೊಸದೊಂದನ್ನು ನೋಡಲೂ ಇಲ್ಲ. ಅನ್ನ ಬಸಿದು, ಒಂದಿಷ್ಟು ಪುಂಡಿಪಲ್ಯ ಮಾಡಿ, ಫೋನು ಹಚ್ಚಿದೆ.

“ಉಂಡ್ಯಾ?” ಎಂದಳು.

“ಉಣ್ಣಾಕ ಹತ್ತೀನಿ. ಪುಂಡಿಪಲ್ಯ. ಉಪ್ಪು ಒಂಚೂರು ಜಾಸ್ತಿ ಆಗೈತಿ. ಸಣ್ಣವ್ವಾ, ಇನ್ನೊಂದು ಸಿನಿಮಾ ಐತಿ, ಹೋದ ತಿಂಗಳದ್ದು. ಅದ್ರಾಗ ಒಬ್ಬಾಂವ ಕಾಲೇಜಿನ ಬೆಂಚಿನ ಮ್ಯಾಲ ಹತ್ತಿ ಕುಣಿತಾನ...”

“ಯಾವನಲೇ ಅವ? ಇಳಸಲಿಲ್ಲ ಯಾರೂ?”

“ನಾ ಇಳಸ್ತೀನಿ, ಕೇಳು.”

ತಟ್ಟೆ ಬದಿಗಿಟ್ಟು ಎದ್ದು ನಿಂತು ಹೇಳತೊಡಗಿದೆ. ಹೇಳುತ್ತಾ ಹೇಳುತ್ತಾ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಿದ್ದೇನೆ ಎಂದು ನನಗೆ ತಿಳಿದದ್ದು ಹಿಮ್ಮಡಿಗೆ ಗೋಡೆ ತಾಗಿದಾಗ. ಕೋಣೆ ಅಷ್ಟೇ ಸಣ್ಣದು. ಒಬ್ಬಳಿಗೆ ಆಗುವಷ್ಟು. ಕಥೆ ಇನ್ನೂ ಬಹಳ ಉಳಿದಿತ್ತು.

“ಮುಂದ?” ಎಂದಿತು ಬಾದನಹಟ್ಟಿ.

ನಾನು ಕೋಣೆಯ ಆಚೆ ತುದಿಗೆ ಹೋಗಿ ನಿಂತು, ಇನ್ನೊಂದು ಮಡಿ ಶುರು ಮಾಡಿದೆ.